ಬ್ಯಾಟರಿ ತೊಟ್ಟಿಲಿಗೆ ಕಟ್ಟಿದ ಲಾಡಿ

ಅದು 2004ನೇ ಇಸವಿ. ನಾನಾಗ ಜರಗನಹಳ್ಳಿಯಿಂದ ಹೊರಟು ದಿನಕ್ಕೆ ನಾಲ್ಕು ಮನೆಯಲ್ಲಿ ಮಕ್ಕಳಿಗೆ ನೀರು ಹಾಕುತ್ತಿದ್ದೆ. ಜೆ.ಪಿ. ನಗರದಲ್ಲಿ ಎರಡು ಮನೆ, ಜಯನಗರದಲ್ಲಿ ಒಂದು, ಬಿಟಿಎಂ ಲೇಔಟಿನಲ್ಲಿ ಒಂದು. ನೀರು ಹಾಕುವುದು ಅಂದರೆ ಬರೀ ಸ್ನಾನ ಅಂದುಕೊಳ್ಳಬೇಡಿ. ಗೋಡೆಗೆ ಒರಗಿ ಮಣೆ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಮೊಣಕಾಲಿಂದ ಕೆಳಗೆ ಮಗುವನ್ನು ಮಲಗಿಸಿಕೊಂಡು, ನೆತ್ತಿಯಿಂದ ಹಿಮ್ಮಡಿವರೆಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹುಯ್ದು, ಒರೆಸಿ, ಬಟ್ಟೆ ಸುತ್ತಿ ತಾಯಿ ಕೈಗೆ ಕೊಡುವವರೆಗೂ ಅದು ನನ್ನ ಜವಾಬ್ದಾರಿ. ಬಾಣಂತಿಗೂ ಎಣ್ಣೆ ನೀರು ನಾನೇ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಈ ಕೆಲಸ ಕಲಿಸಿದ್ದು ನಮ್ಮತ್ತೆ. ಜರಗನಹಳ್ಳಿಯಲ್ಲಿ ನಮಗೆ ಹೊಲ ಇದ್ದಾಗ ಊರಿನ ಬಾಣಂತಿಯರಿಗೆ ಸುಮ್ಮನೆ ಮಾಡುತ್ತಿದ್ದ ಕೆಲಸ ಅದು. ಹೊಲ ಹೋಗಿ ಸೈಟಾದ ಮೇಲೆ ಅದೇ ನನ್ನ ಉದ್ಯೋಗವಾಯಿತು. ಮೂವತ್ತು ವರ್ಷ ಮಾಡಿದೆ. ಎಷ್ಟು ಮಕ್ಕಳು ಅಂತ ಎಣಿಸಿಲ್ಲ. ಎಲ್ಲ ಮಕ್ಕಳೂ ಒಂದೇ ತರ, ನೆನಪಿಟ್ಟುಕೊಳ್ಳಲು ಏನೂ ಇರುವುದಿಲ್ಲ. ಆದರೆ ಬಿಟಿಎಂನ ಆ ಒಂದು ಮಗು, ಅದಕ್ಕಿಂತ ಹೆಚ್ಚಾಗಿ ಅದರ ತಾಯಿ, ನೆನಪಿದ್ದಾರೆ. ನನ್ನ ಕೆಲಸದಲ್ಲಿ ನನಗಿಂತ ಬುದ್ಧಿವಂತೆಯನ್ನು ನಾನು ನೋಡಿದ್ದು ಆ ಒಂದು ಸಲ.

ಅವಳ ಹೆಸರು ಶಿವಲೀಲಾ. ಬಾಗಲಕೋಟೆ ಕಡೆಯ ಗುಳೇದಗುಡ್ಡದವಳು. ಗಂಡ ಮಲ್ಲಿಕಾರ್ಜುನ, ಎಲ್ಲರ ಬಾಯಲ್ಲೂ ಮಲ್ಲಣ್ಣ, ಜಯನಗರದ ಒಂದು ಕೊರಿಯರ್ ಆಫೀಸಿನಲ್ಲಿದ್ದ. ಇವಳು ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಸೂಪರ್‌ವೈಸರ್. ಅಂದರೆ ಹೊಲಿದು ಬಂದ ಬಟ್ಟೆಯಲ್ಲಿ ತಪ್ಪು ಹುಡುಕಿ, ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕರ್ ಅಂಟಿಸುವ ಕೆಲಸ. ಸುದ್ದಗುಂಟೆಪಾಳ್ಯದ ಹತ್ತಿರ ಮಹಡಿ ಮೇಲಿನ ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು, ಅಡಿಗೆಮನೆ. ಶಿವಲೀಲಾಗೆ ತಾಯಿ ಇರಲಿಲ್ಲ. ಹಾಗಾಗಿ ಹೆರಿಗೆ ಇಲ್ಲೇ ಆಯಿತು, ಆಪರೇಷನ್ ಮಾಡಿ ತೆಗೆದರು. ಗೌರಿ ಹಬ್ಬದ ವಾರ ಹುಟ್ಟಿದ್ದಕ್ಕೆ ಮಗುವಿಗೆ ಗೌರಿ ಅಂತಲೇ ಹೆಸರು. ಅತ್ತೆ ನೀಲವ್ವ ಬಂದು ಒಂದೂವರೆ ತಿಂಗಳು ನೋಡಿಕೊಂಡು, ಊರಲ್ಲಿ ಮಾವನಿಗೆ ಹುಷಾರಿಲ್ಲ ಅಂತ ವಾಪಸ್ ಹೋದರು. ಮಲ್ಲಣ್ಣ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರುವುದು. ಮಧ್ಯದಲ್ಲಿ ಮನೆಯಲ್ಲಿ ಹೊಟ್ಟೆಯ ಹೊಲಿಗೆ ಇನ್ನೂ ನೋಯುವ ತಾಯಿ, ಆರು ವಾರದ ಮಗು. ಹತ್ತು ಗಂಟೆಗೆ ನಾನು ಹೋಗಿ ಬರುತ್ತಿದ್ದೆ. ಅಷ್ಟೇ ಜನ.

ಒಂದು ದಿನ ಹೋದಾಗ ಶಿವಲೀಲಾ ಬಾಗಿಲು ತೆಗೆದಳು. ಹಲ್ಲುಜ್ಜಿರಲಿಲ್ಲ, ತಲೆ ಬಾಚಿರಲಿಲ್ಲ. ಹಿಂದಿನ ದಿನದಿಂದ ನೆಟ್ಟಗೆ ಊಟ ಮಾಡಿಲ್ಲ ಅಂದಳು. ಮಗುವನ್ನು ಕೆಳಗಿಟ್ಟರೆ ಅಳುತ್ತದೆ, ಎತ್ತಿಕೊಂಡರೆ ಹೊಲಿಗೆ ಎಳೆಯುತ್ತದೆ. ನನಗೆ ಕನಿಕರ ಬಂತು ಅಂತ ಹೇಳುವುದಿಲ್ಲ. ಸಿಟ್ಟು ಬಂತು. ಉಣ್ಣದ ತಾಯಿಗೆ ಹಾಲು ಎಲ್ಲಿಂದ ಬರಬೇಕು?

ನಾನು ಹಿಂದೆ ನೀರು ಹಾಕುತ್ತಿದ್ದ ಜೆ.ಪಿ. ನಗರದ ಒಂದು ಮನೆಯಲ್ಲಿ ಬ್ಯಾಟರಿ ತೊಟ್ಟಿಲು ಇತ್ತು. ಇಂಗ್ಲಿಷಿನಲ್ಲಿ ಬೇಬಿ ಸ್ವಿಂಗ್. ನಾಲ್ಕು ಕಾಲಿನ ಸ್ಟ್ಯಾಂಡು, ನಡುವೆ ತೂಗುವ ಸೀಟು, ಸೀಟಿಗೆ ಬೆಲ್ಟು. ಮೇಲೆ ಒಂದು ಡಬ್ಬದಲ್ಲಿ ಮೋಟಾರು. ದಪ್ಪ ಸೆಲ್ ನಾಲ್ಕು ಹಾಕಿ ಗುಂಡಿ ಒತ್ತಿದರೆ ತಾನೇ ತೂಗುತ್ತದೆ, ಟಿಣಿಟಿಣಿ ಅಂತ ಹಾಡುತ್ತದೆ. ನಿಧಾನ, ಮಧ್ಯಮ, ಜೋರು ಅಂತ ಮೂರು ಸ್ಪೀಡು. ಆ ಮನೆಯ ಮೇಡಂ ಅವರ ತಮ್ಮ ಸಿಂಗಪುರದಿಂದ ತಂದದ್ದು. ಅವರ ಎರಡು ಮಕ್ಕಳೂ ಅದರಲ್ಲಿ ಆಡಿ ಗುಂಡುಗುಂಡಗೆ ಬೆಳೆದಿದ್ದವು. ಅವರಿಗೆ ಬೇಡವಾಗಿತ್ತು, ಯಾರಿಗಾದರೂ ಕೊಡಿ ಕೆಂಪಮ್ಮ ಅಂತ ಹೇಳಿಟ್ಟಿದ್ದರು.

ನಮ್ಮಲ್ಲಿ ಒಂದು ಪದ್ಧತಿ. ಮಕ್ಕಳು ಚೆನ್ನಾಗಿ ಬೆಳೆದ ಮನೆಯ ತೊಟ್ಟಿಲನ್ನು ಇನ್ನೊಂದು ಮನೆಯವರು ಕೇಳಿ ತಂದುಕೊಳ್ಳುತ್ತಾರೆ. ಆ ತೊಟ್ಟಿಲಿನ ಗುಣ ಈ ಮಗುವಿಗೂ ಬರಲಿ ಅಂತ. ಯಾವ ಮನೆ ತೊಟ್ಟಿಲು ಯಾವ ಮನೆಗೆ ಹೋಗಬೇಕು ಅಂತ ಹೇಳುವುದು ನಮ್ಮಂಥ ನೀರು ಹಾಕುವವರು. ನಾನು ಆ ಪ್ಲಾಸ್ಟಿಕ್ ಯಂತ್ರವನ್ನೂ ತೊಟ್ಟಿಲು ಅಂತಲೇ ಲೆಕ್ಕ ಹಿಡಿದೆ. ಭಾನುವಾರ ಮಲ್ಲಣ್ಣ, ನಾನು ಆಟೋದಲ್ಲಿ ಅದನ್ನು ಬಿಟಿಎಂಗೆ ತಂದೆವು. ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಹೊಸ ತೊಟ್ಟಿಲಿಗೆ ಮೊದಲು ಮಗು ಹಾಕಬಾರದು, ರುಬ್ಬುವ ಗುಂಡುಕಲ್ಲು ಮಲಗಿಸಿ ಮೂರು ಸಲ ತೂಗಬೇಕು. ಅದನ್ನೂ ಮಾಡಿದೆ. ಮನೆ ಓನರ್ ಹತ್ತಿರ ಗುಂಡುಕಲ್ಲು ತಂದು ಸೀಟಿನಲ್ಲಿಟ್ಟು ಗುಂಡಿ ಒತ್ತಿದರೆ ಮೋಟಾರು ಕರ್ ಅಂತ ನರಳಿ ನಿಂತೇಹೋಯಿತು.

ಮಲ್ಲಣ್ಣ, “ಅಮ್ಮಾರ, ಗುಂಡಪ್ಪನ್ನ ಇಳಸ್ರಿ, ಇಲ್ಲಾಂದ್ರ ಗೌರಿ ಪಾಳಿನ ಬರೂದಿಲ್ಲ” ಅಂದ. ಶಿವಲೀಲಾ ಹೊಲಿಗೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಕಲ್ಲು ತೆಗೆದು ಮಗು ಮಲಗಿಸಿದೆವು. ಎರಡು ನಿಮಿಷಕ್ಕೆ ಕಣ್ಣು ಮುಚ್ಚಿತು. ಶಿವಲೀಲಾ ಸ್ನಾನ ಮಾಡಿದಳು, ತಲೆ ಬಾಚಿದಳು, ಮೂರು ರೊಟ್ಟಿ ತಿಂದಳು. ನಾನು ಮಹಾ ಉಪಕಾರ ಮಾಡಿದೆ ಅಂತ ಎದೆ ಉಬ್ಬಿಸಿಕೊಂಡು ಬಸ್ಸು ಹತ್ತಿದೆ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ನಾನು ಹೋದಾಗೆಲ್ಲ ಮಗು ಸ್ವಿಂಗ್‌ನಲ್ಲೇ. ಮಲಗಿದಾಗ ಸ್ವಿಂಗ್, ಎದ್ದಾಗ ಸ್ವಿಂಗ್. ನೀರು ಹಾಕಲು ಎತ್ತಿಕೊಂಡರೆ ಚಿಟಾರನೆ ಚೀರುವುದು. ನೀರು ಹಾಕಿ ಒರೆಸಿದ ಮೇಲೆ ನನ್ನ ಕಾಲ ಮೇಲೆ ನಿದ್ದೆ ಹೋಗದ ಮಗು ಅಲ್ಲಿವರೆಗೆ ಇರಲಿಲ್ಲ. ಇದು ಹೋಗುತ್ತಿರಲಿಲ್ಲ. ಸೀಟಿಗೆ ಹಾಕಿ ಬೆಲ್ಟು ಕಟ್ಟಿದರೆ ಸ್ವಿಚ್ ಆಫ್ ಮಾಡಿದ ಹಾಗೆ ಸುಮ್ಮನಾಗುವುದು.

ಇನ್ನೊಂದು ವಿಷಯ ಇತ್ತು. ಅದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ನಾವು ತೂಕದ ಯಂತ್ರ ಇಟ್ಟುಕೊಂಡವರಲ್ಲ, ನಮ್ಮ ಕಾಲೇ ತಕ್ಕಡಿ. ಎಳೆಮಗು ದಿನದಿಂದ ದಿನಕ್ಕೆ ಕಾಲಿಗೆ ಭಾರವಾಗಬೇಕು. ವಾರಕ್ಕೊಮ್ಮೆಯಾದರೂ ‘ಏನೇ, ಕಾಲು ನೋಯಿಸ್ತೀಯಲ್ಲೇ’ ಅಂತ ಮಗುವನ್ನು ಬೈಯುವಂತಿರಬೇಕು. ಗೌರಿ ಭಾರವಾಗುತ್ತಿರಲಿಲ್ಲ. ತೊಡೆಯ ಮಡಿಕೆ ತುಂಬುತ್ತಿರಲಿಲ್ಲ. ತಲೆಯ ಹಿಂಭಾಗ ಚಪ್ಪಟೆಯಾಗುತ್ತಿತ್ತು. ನನ್ನ ಕಾಲಿಗೆ ಇದು ಗೊತ್ತಾಗಿ ಎಂಟು ಹತ್ತು ದಿನ ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಯಂತ್ರ ತಂದುಕೊಟ್ಟವಳು ನಾನು.

ನವೆಂಬರ್ ಕೊನೆಯಲ್ಲಿ ಇಂಜೆಕ್ಷನ್ ಹಾಕಿಸಲು ಮಗುವನ್ನು ಜಯನಗರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ. ಹುಟ್ಟಿದಾಗ ಎರಡು ಕೆಜಿ ಎಂಟುನೂರು ಗ್ರಾಂ. ಆರು ವಾರಕ್ಕೆ ಮೂರು ಕೆಜಿ ಏಳುನೂರು. ಅವತ್ತು, ಹತ್ತು ವಾರಕ್ಕೆ, ಮೂರು ಕೆಜಿ ಒಂಬೈನೂರು. ಒಂದು ತಿಂಗಳಲ್ಲಿ ಇನ್ನೂರೇ ಗ್ರಾಂ. ಡಾಕ್ಟರಮ್ಮ ಎದೆ ನೋಡಿದರು, ಹೊಟ್ಟೆ ನೋಡಿದರು, ರಕ್ತ ಟೆಸ್ಟ್ ಮಾಡಿಸಿದರು. ಕಾಯಿಲೆ ಏನೂ ಇರಲಿಲ್ಲ. ದಿನಕ್ಕೆ ಎಷ್ಟು ಸಲ ಹಾಲು ಕುಡಿಯುತ್ತೆ ಅಂತ ಕೇಳಿದರು. ನಾಲ್ಕು, ಹೆಚ್ಚೆಂದರೆ ಐದು ಸಲ ಅಂದಳು ಶಿವಲೀಲಾ. ಅತ್ತಾಗ ಕೊಡುತ್ತೀನಿ, ಅಕಿ ಅಳುವುದೇ ಇಲ್ಲ ಅಂದಳು.

ಆಗ ಡಾಕ್ಟರಮ್ಮ ತಿಳಿಸಿ ಹೇಳಿದರು. ಹಸಿದ ಮಗು ಮೊದಲು ಅಳುವುದಿಲ್ಲ. ಬಾಯಿ ತೆರೆದು ಅತ್ತಿತ್ತ ಹೊರಳುತ್ತದೆ, ಮುಷ್ಟಿ ಚೀಪುತ್ತದೆ. ಇದಕ್ಕೆ ಫೀಡಿಂಗ್ ಕ್ಯೂ ಅನ್ನುತ್ತಾರಂತೆ. ಅಷ್ಟರಲ್ಲಿ ಹಾಲು ಸಿಗದಿದ್ದರೆ ಅಳುತ್ತದೆ. ಇಲ್ಲಿ ಬಾಯಿ ಹೊರಳಿಸುವ ಮೊದಲೇ ಯಂತ್ರ ತೂಗಿ ಮಲಗಿಸಿಬಿಡುತ್ತಿದೆ. ಮಗು ಹಸಿವನ್ನು ಇಟ್ಟುಕೊಂಡೇ ನಿದ್ದೆ ಮಾಡುತ್ತಿದೆ. ನಿದ್ದೆಗೆ ಅದರಲ್ಲಿ ಬಿಡಬೇಡಿ, ನೆಟ್ಟಗೆ ಚಾಪೆ ಮೇಲೆ ಅಂಗಾತ ಮಲಗಿಸಿ, ಎರಡು ಎರಡೂವರೆ ಗಂಟೆಗೊಮ್ಮೆ ಹಾಲು ಕೊಡಿ, ಎತ್ತಿಕೊಳ್ಳಿ, ಮೂರು ವಾರ ಬಿಟ್ಟು ತೂಕ ನೋಡೋಣ ಅಂದರು.

ಸಂಜೆ ಮಲ್ಲಣ್ಣ ಊರಿಗೆ ಫೋನು ಮಾಡಿದ. ನೀಲವ್ವ ಕೆಟ್ಟ ಹೆಂಗಸಲ್ಲ, ಐದು ಮಕ್ಕಳನ್ನು ಸಾಕಿದವರು. ಆದರೆ ನೇರ ಮಾತು. ಮೂರು ವಾರಕ್ಕೆ ನಾನು ಬರುತ್ತೀನಿ, ಆವತ್ತೂ ತೂಕ ಏರದಿದ್ದರೆ ಕೂಸನ್ನು ಗುಳೇದಗುಡ್ಡಕ್ಕೆ ಕರೆದುಕೊಂಡು ಹೋಗುತ್ತೀನಿ, ಮನೆಯಲ್ಲಿ ಹಸು ಇದೆ, ಹೇಗೂ ಜನವರಿಯಲ್ಲಿ ಸೊಸೆ ಕೆಲಸಕ್ಕೆ ಹೋಗಬೇಕು ಅಂದರಂತೆ. ಮಲ್ಲಣ್ಣನಿಗೂ ಅದೇ ಸರಿ ಅನ್ನಿಸಿತ್ತು. ಅಂದರೆ ಮೂರು ತಿಂಗಳ ಮಗು ಊರಿಗೆ, ತಾಯಿ ಇಲ್ಲಿ. ಹಾಲು ತಾನೇ ಬತ್ತುತ್ತದೆ. ಮಗುವಿನ ಮುಖ ಹಬ್ಬಕ್ಕೊಮ್ಮೆ.

ಮಾರನೇ ದಿನ ಶಿವಲೀಲಾ ಇದನ್ನೆಲ್ಲ ಯಾರದೋ ಮನೆ ಸುದ್ದಿಯ ಹಾಗೆ ನನಗೆ ಹೇಳಿದಳು. ಕಣ್ಣಲ್ಲಿ ನೀರಿಲ್ಲ. ಕೊನೆಗೆ ಒಂದು ಮಾತು ಅಂದಳು.

“ಕರಕೊಂಡು ಹೋಗ್ಲಿ ಬಿಡ್ರಿ ಅಮ್ಮಾರ. ಅಕಿಗೆ ನಾ ಬ್ಯಾಡಾಗೀನಿ.”

ನನಗೆ ಮೈ ಉರಿಯಿತು. ಅವಳ ಮೇಲೋ, ಯಂತ್ರದ ಮೇಲೋ, ನನ್ನ ಮೇಲೋ ಗೊತ್ತಿಲ್ಲ. ಅವಳು ಸ್ನಾನಕ್ಕೆ ಹೋದಾಗ ಡಬ್ಬದ ಮುಚ್ಚಳ ತೆಗೆದು ನಾಲ್ಕೂ ಸೆಲ್ ಕಿತ್ತು ನನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ. ಅವಳು ಬಂದ ಮೇಲೆ, ಇವತ್ತಿಂದ ಈ ದರಿದ್ರ ಬೇಡ, ತೊಡೆ ಮೇಲೆ ಹಾಕಿಕೊ, ಎರಡು ಗಂಟೆ ಅಳುತ್ತೆ, ಆಮೇಲೆ ತಾನೇ ಸರಿಹೋಗುತ್ತೆ ಅಂದೆ. ಅಷ್ಟು ವರ್ಷ ಇದೇ ಕೆಲಸ ಮಾಡಿದವಳು ಹೇಳಿದರೆ ಯಾರು ಎದುರಾಡುತ್ತಾರೆ. ಅವಳು ಕೂತು ತೊಡೆ ಮೇಲೆ ಮಗು ಹಾಕಿಕೊಂಡಳು.

ಹತ್ತೂವರೆಗೆ ಶುರುವಾದ ಅಳು ಹನ್ನೆರಡೂ ಕಾಲಾದರೂ ನಿಲ್ಲಲಿಲ್ಲ. ತಾಯಿ ಎದೆಗೆ ಹಿಡಿದರೆ ಬೆನ್ನು ಬಿಲ್ಲು ಮಾಡಿ ಹಿಂದಕ್ಕೆ ಬೀಳುವುದು. ನಾನು ಎತ್ತಿಕೊಂಡೆ. ಬೆನ್ನು ತಟ್ಟಿದೆ, ಭುಜಕ್ಕೆ ಹಾಕಿದೆ, ಕಾಲ ಮೇಲೆ ಹಾಕಿದೆ, ಜೋಗುಳ ಹೇಳಿದೆ. ನನಗೆ ಗೊತ್ತಿದ್ದದ್ದೆಲ್ಲ ಮುಗಿಯಿತು. ಮಗುವಿನ ಗಂಟಲು ಬಿತ್ತು, ತುಟಿ ಒಣಗಿತು. ಕೆಳಗಿನ ಮನೆಯವರು ಮೇಲೆ ಬಂದು, ಮಗುವಿಗೆ ಏನಾಯ್ತು ಆಂಟಿ ಅಂತ ಕೇಳಿದರು. ನಾಲ್ಕನೇ ಮನೆಯ ಮಗು ನೀರಿಗೆ ಕಾಯುತ್ತಿತ್ತು, ಅದೂ ತಪ್ಪಿತು.

ಶಿವಲೀಲಾ ಕೈ ಚಾಚಿದಳು. ಮಗುವಿಗೆ ಅಂದುಕೊಂಡೆ. ಮಗುವಿಗಲ್ಲ.

“ಸೆಲ್ ಕೊಡ್ರಿ.”

ಕೊಟ್ಟೆ. ಹಾಕಿದಳು, ಬೆಲ್ಟು ಕಟ್ಟಿದಳು, ಗುಂಡಿ ಒತ್ತಿದಳು. ಮಗು ಎರಡು ಸಲ ಬಿಕ್ಕಿ ಸುಮ್ಮನಾಯಿತು. ನನ್ನ ಜೀವನದಲ್ಲಿ ಅಷ್ಟು ಅವಮಾನ ಯಾವತ್ತೂ ಆಗಿರಲಿಲ್ಲ. ಒಂದು ಡಬ್ಬ ನನ್ನ ಕೈಯನ್ನು ಗೆದ್ದಿತ್ತು. ಚೀಲ ತಗೊಂಡು ಹೊರಡಬೇಕು ಅಂತ ಎದ್ದೆ. ಈ ಮನೆಗೆ ಇನ್ನು ಬರುವುದಿಲ್ಲ ಅಂತಲೂ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ಶಿವಲೀಲಾ ನನ್ನ ಕಡೆ ನೋಡಲೇ ಇಲ್ಲ. ಸ್ವಿಂಗ್ ಮುಂದೆ ನೆಲದ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಮಗುವನ್ನಲ್ಲ, ಸೀಟು ಹೋಗಿ ಬರುವುದನ್ನು. ಬಟ್ಟೆಯಲ್ಲಿ ತಪ್ಪು ಹುಡುಕುವವರು ಹಾಗೆ ನೋಡುತ್ತಾರೆ ಅಂತ ಕಾಣುತ್ತದೆ. ಐದು ನಿಮಿಷ ಆಗಿರಬೇಕು. ಆಮೇಲೆ ತಾನಾಗಿಯೇ ಮಾತು ತೆಗೆದಳು.

ಅವಳ ತಾಯಿ ಕುಣಿಮಗ್ಗದಲ್ಲಿ ಖಣದ ಬಟ್ಟೆ ನೇಯುತ್ತಿದ್ದರು. ಕುಣಿಮಗ್ಗ ಅಂದರೆ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಶಿವಲೀಲಾ ದೊಡ್ಡವಳು, ಅವಳ ಕೆಳಗೆ ಮೂರು ಜನ. ಮೂವರೂ ಆ ಮಗ್ಗದ ಪಕ್ಕದ ತೊಟ್ಟಿಲಲ್ಲೇ ಬೆಳೆದವರು. ತೊಟ್ಟಿಲಿಗೆ ಹಗ್ಗ ಕಟ್ಟಿ ಅದರ ತುದಿಯನ್ನು ತಾಯಿ ತಮ್ಮ ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿರುತ್ತಿದ್ದರಂತೆ. ಕಾಲು ಮಗ್ಗ ತುಳಿದ ಹಾಗೆ ತೊಟ್ಟಿಲೂ ತೂಗುತ್ತಿತ್ತು. ಕೈ ಲಾಳಿಯ ಮೇಲೆ. ಅವರೂ ಮಕ್ಕಳನ್ನು ದಿನವಿಡೀ ಎತ್ತಿಕೊಂಡು ಕೂತವರಲ್ಲ.

ನಾನು ನಿಂತವಳು ಕೂತೆ. ನಾನೂ ಅದನ್ನೇ ಮಾಡಿದ್ದೆ. ಹೊಲದ ಬದುವಿನ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ, ಹಗ್ಗ ಸೊಂಟಕ್ಕೆ ಸುತ್ತಿಕೊಂಡು ರಾಗಿ ಕಳೆ ಕಿತ್ತವಳು. ಜೆ.ಪಿ. ನಗರ ಆ ಹೊಲದ ಮೇಲೆ ಎದ್ದ ಮೇಲೆ ನನಗೆ ಅದು ಮರೆತೇಹೋಗಿತ್ತು.

ಹಾಗಾದರೆ ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ಶಿವಲೀಲಾ ಬೆರಳು ತೋರಿಸಿ ಹೇಳಿದ ಮಾತು ಇವತ್ತಿಗೂ ಹಾಗೇ ಕಿವಿಯಲ್ಲಿದೆ.

“ನೂಲು ಹರೀತಂದ್ರ ಅವ್ವನ ಕಾಲು ನಿಲ್ಲೂದ್ರಿ. ತೊಟ್ಲ ನಿಲ್ಲೂದು. ನಿಂತ ಕೂಡ್ಲೇ ಕೂಸು ಕಣ್ಣ ತಗದು ಅವ್ವನ ಮಾರಿ ನೋಡೂದು. ಇದು ನಿಲ್ಲೂದ ಇಲ್ಲಲ್ರಿ. ಅಕಿ ಯಾಕ ನನ್ನ ನೋಡ್ಬೇಕು?”

ಎದ್ದು ಒಳಗೆ ಹೋಗಿ ಒಂದು ಹಳೇ ಲಂಗದ ಲಾಡಿ ಎಳೆದು ತಂದಳು. ಎರಡು ಮೊಳ ಉದ್ದದ ಬಿಳಿ ಲಾಡಿ. ಒಂದು ತುದಿಯನ್ನು ಸೀಟಿನ ಹಿಂದಿನ ಕಂಬಿಗೆ ಗಂಟು ಹಾಕಿದಳು, ಇನ್ನೊಂದು ತುದಿಯನ್ನು ತನ್ನ ಕಾಲ ಹೆಬ್ಬೆರಳಿಗೆ. ಮೋಟಾರು ಆಫ್ ಮಾಡಲಿಲ್ಲ. ಅಲ್ಲೇ ಅವಳ ಜಾಣತನ. ಮೊದಲು ಮೋಟಾರಿನ ಜೊತೆಗೇ ಕಾಲಾಡಿಸಿದಳು. ಅದರ ಓಟ ಕಾಲಿಗೆ ಹತ್ತಿದ ಮೇಲೆ ಗುಂಡಿ ಒತ್ತಿ ನಿಲ್ಲಿಸಿದಳು. ಸೀಟು ಅದೇ ಓಟದಲ್ಲಿ ತೂಗುತ್ತಲೇ ಇತ್ತು. ಮಗುವಿಗೆ ಗೊತ್ತೇ ಆಗಲಿಲ್ಲ.

ಹದಿನೈದು ಇಪ್ಪತ್ತು ತೂಗು ತೂಗಿ ಕಾಲು ನಿಲ್ಲಿಸಿದಳು. ಮಗು ಕಣ್ಣು ಬಿಟ್ಟಿತು. ಎದುರಿಗೆ ತಾಯಿ ಮುಖ. ಒಂದು ಗಳಿಗೆ ನೋಡಿ ಅಳಲು ಬಾಯಿ ತೆರೆಯಿತು. ತಕ್ಷಣ ಕಾಲಾಡಿಸಿದಳು. ಮತ್ತೆ ನಿಲ್ಲಿಸಿದಳು. ಮತ್ತೆ ನೋಡಿತು. ಮೂರನೇ ಸಲ ನಿಲ್ಲಿಸಿದಾಗ “ಏನವಾ, ನೂಲು ಹರೀತು” ಅಂತ ಮಗುವಿಗೆ ಹೇಳಿದಳು. ನಾನು ಚೀಲ ಕೆಳಗಿಟ್ಟೆ.

ಮುಂದಿನ ಮೂರು ವಾರ ಅವಳು ಮಾಡಿದ ಕೆಲಸ ನಾನು ನೋಡಿದ್ದೇನೆ. ಅದನ್ನು ಹೊಗಳಲು ನನಗೆ ಮಾತು ಬರುವುದಿಲ್ಲ, ಮಾಡಿದ್ದನ್ನು ಹೇಳುತ್ತೀನಿ. ಎರಡು ಗಂಟೆಗೊಮ್ಮೆ, ಮಗು ಮಲಗಿರಲಿ, ಎದ್ದಿರಲಿ, ಕಾಲು ನಿಲ್ಲಿಸುವಳು. ಮಗು ಕಣ್ಣು ಬಿಟ್ಟು ಅವಳನ್ನು ಹುಡುಕುವುದು. ಬಾಯಿ ಹೊರಳಿಸುತ್ತಾ ಅಂತ ನೋಡುವಳು. ಹೊರಳಿಸಿದರೆ ಅಳುವ ಮೊದಲೇ ಎತ್ತಿ ಎದೆಗೆ. ಮೊದಲ ಎರಡು ದಿನ ಎತ್ತಿದರೆ ಚೀರಿತು. ಆಗ ಎತ್ತಲಿಲ್ಲ, ಸ್ವಿಂಗ್ ಪಕ್ಕಕ್ಕೇ ಜರುಗಿ, ಬಗ್ಗಿ, ಮಗು ಸೀಟಿನಲ್ಲಿದ್ದ ಹಾಗೇ ಹಾಲು ಕೊಟ್ಟಳು. ಹೊಲಿಗೆ ಬಿದ್ದ ಹೊಟ್ಟೆ ಇಟ್ಟುಕೊಂಡು ಹಾಗೆ ಬಗ್ಗುವುದು ಎಂಥ ನೋವು ಅಂತ ಹೆತ್ತವರಿಗೆ ಗೊತ್ತು. ಮೂರನೇ ದಿನ ಒಂದು ಕೈ ಮಗುವಿನ ಬೆನ್ನ ಕೆಳಗೆ. ಐದನೇ ದಿನ ಎರಡೂ ಕೈ. ಆರನೇ ದಿನ ಮಗು ತೊಡೆ ಮೇಲಿತ್ತು. ಯಾವಾಗ ಬಂತು ಅಂತ ಮಗುವಿಗೂ ತಿಳಿಯಲಿಲ್ಲ.

ಕೊಟ್ಟ ಪ್ರತಿ ಹಾಲಿಗೂ ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಕೆಂಪು ಬಾಣ ಅಂಟಿಸುತ್ತಿದ್ದಳು, ಫ್ಯಾಕ್ಟರಿಯಲ್ಲಿ ತಪ್ಪಿಗೆ ಅಂಟಿಸುವ ಸ್ಟಿಕರ್. ಮೊದಲ ದಿನ ಐದು ಬಾಣ. ವಾರ ಕಳೆಯುವಷ್ಟರಲ್ಲಿ ಎಂಟು, ಒಂಬತ್ತು. ಇಷ್ಟೊಂದು ತಪ್ಪಾ ಅಂತ ನಾನು ತಮಾಷೆ ಮಾಡಿದರೆ, ಇವು ರಿಪೇರಿ ಆದದ್ದಕ್ಕೆ ಹಚ್ಚಿದ್ದು ಅಮ್ಮಾರ ಅಂದಳು.

ನಾನು ಸಹಾಯ ಮಾಡಿದ್ದು ಒಂದೇ ಒಂದು. ನಿಮ್ಮ ಹಾಗೆ ಕಾಲ ಮೇಲೆ ಹಾಕಿಕೊಳ್ಳುವುದು ಹೇಗೆ, ನನಗೂ ಕಲಿಸಿ ಅಂದಳು. ಮಣೆ ಮೇಲೆ ಕೂರಿಸಿ, ಕಾಲು ಜೋಡಿಸಿ, ಪಾದ ಮೇಲಕ್ಕೆ ಮಾಡಿ ಮಗುವಿನ ತಲೆಗೆ ಆಸರೆ ಮಾಡುವುದು ತೋರಿಸಿದೆ. ಎಣ್ಣೆ ಹಚ್ಚುವಾಗ ಕೈ ನಿಲ್ಲಿಸಬಾರದು ಅಂತ ನಮ್ಮತ್ತೆ ಕಲಿಸಿದ್ದರು, ನಾನೂ ಅದನ್ನೇ ಹೇಳಿದೆ. ಅವಳು ನಿಲ್ಲಿಸುತ್ತಿದ್ದಳು. ಎದೆಗೆ ನಾಲ್ಕು ಸಲ ತಿಕ್ಕಿ ನಿಲ್ಲಿಸುವಳು, ಮಗು ಅವಳ ಮುಖ ನೋಡುವುದು, ಆಮೇಲೆ ಮುಂದಕ್ಕೆ. ನಾನು ಅಷ್ಟು ವರ್ಷ ಮಕ್ಕಳ ಮೈ ನೋಡಿದ್ದೆ, ಕಣ್ಣು ನೋಡಿರಲಿಲ್ಲ. ನೀರು ತಣ್ಣಗಾಗುತ್ತೆ, ಬೇಗ ಮುಗಿಸಬೇಕು ಅನ್ನುವುದೇ ನನ್ನ ಗಮನ.

ಮಲ್ಲಣ್ಣ ಸಂಜೆ ಬಂದರೆ ಲಾಡಿ ಅವನ ಕಾಲಿಗೆ. ಪೇಪರ್ ಓದುತ್ತಾ ತೂಗುವನಂತೆ. ಕ್ರಿಕೆಟ್ ಪುಟ ಬಂದರೆ ಕಾಲು ಮರೆತು ನಿಲ್ಲುತ್ತಿತ್ತು. ಮಗಳು ಪೇಪರಿನ ಮೇಲಿಂದ ಅಪ್ಪನನ್ನೇ ನೋಡುತ್ತಿದ್ದಳು. ನಾಲ್ಕು ದಿನ ಹಾಗಾದ ಮೇಲೆ ಅವನು ಪೇಪರ್ ಬಿಟ್ಟ.

ಸ್ವಿಂಗ್ ಅನ್ನು ಅವಳು ಎಸೆಯಲಿಲ್ಲ. ಎಸೆ ಅಂತ ಹೇಳಿದವಳು ನಾನೇ. ಅವಳು ಕೇಳಲಿಲ್ಲ. ಅಲಾರಂ ಗಡಿಯಾರ ಪಕ್ಕದಲ್ಲಿಟ್ಟು ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಇಪ್ಪತ್ತು ನಿಮಿಷ, ತನ್ನ ಸ್ನಾನಕ್ಕೆ, ತನ್ನ ಊಟಕ್ಕೆ ಮೋಟಾರು ಹಾಕುತ್ತಿದ್ದಳು. ಹಾಲು ಕೊಟ್ಟು ಹೊಟ್ಟೆ ತುಂಬಿದ ಮೇಲೆಯೇ. ಗಡಿಯಾರ ಹೊಡೆದರೆ ಮೋಟಾರು ಬಂದ್. ನಿದ್ದೆ ಹೋದರೆ ಎತ್ತಿ ಚಾಪೆಗೆ. ತಾನು ಉಂಡರೆ ತಾನೇ ಮಗು ಉಣ್ಣೋದು ಅಂದಳು.

ಹನ್ನೆರಡನೇ ದಿನ ನೀರು ಹಾಕುವಾಗ ನನ್ನ ಕಾಲಿಗೆ ಭಾರ ತಿಳಿಯಿತು. ಆ ಸಲ ಬಾಯಿ ಮುಚ್ಚಿಕೊಂಡಿರಲಿಲ್ಲ. ‘ಏನೇ ಗೌರಿ, ಕಾಲು ನೋಯಿಸ್ತೀಯಲ್ಲೇ’ ಅಂದೆ. ಶಿವಲೀಲಾ ಟವೆಲ್ ಹಿಡಿದುಕೊಂಡು ನಿಂತಿದ್ದಳು. ಖರೇನ್ರಿ ಅಂತ ಕೇಳಿದಳು. ಖರೆ ಅಂದೆ. ಹಿಂದೆ ನನ್ನ ಕಾಲಿಗೆ ಗೊತ್ತಾಗಿಯೂ ಹೇಳದೆ ಇದ್ದದ್ದನ್ನು ಆಗಲೇ ಅವಳಿಗೆ ಒಪ್ಪಿಕೊಂಡೆ. ಅವಳು ಸಿಟ್ಟಾಗಲಿಲ್ಲ. ನಂಗೂ ಗೊತ್ತಿತ್ರಿ, ನಾನೂ ಹೇಳಿರಲಿಲ್ಲ ಅಂದಳು. ಅಷ್ಟೇ.

ಡಿಸೆಂಬರಿನಲ್ಲಿ ನೀಲವ್ವ ಬಂದಿಳಿದರು. ಮಗುವನ್ನು ಕರೆದುಕೊಂಡು ಹೋಗಲು ಪೂರಾ ತಯಾರಾಗಿ ಬಂದಿದ್ದರು, ಕೌದಿ, ಉಣ್ಣೆ ಟೊಪ್ಪಿಗೆ ಎಲ್ಲ ತಂದಿದ್ದರು. ನಾನು ಹೋದಾಗ ಬಾಗಿಲ ಹತ್ತಿರವೇ ನಿಂತು ಸೊಸೆಯ ಕಾಲನ್ನು ನೋಡುತ್ತಿದ್ದರು. ಶಿವಲೀಲಾ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು, ಹೆಬ್ಬೆರಳಲ್ಲಿ ಲಾಡಿ, ಸೀಟಿನಲ್ಲಿ ಮಗು.

“ಇದೇನವಾ, ಬೆಂಗ್ಳೂರಾಗ ಮಗ್ಗ ಹಾಕೀ?” ಅಂದರು.

ಶಿವಲೀಲಾ ಕಾಲು ನಿಲ್ಲಿಸಿದಳು. ಮಗು ಕತ್ತು ಹೊರಳಿಸಿ ತಾಯಿಯನ್ನು ಹುಡುಕಿ, ಸಿಕ್ಕ ಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕಿತು. ನೀಲವ್ವ ಚೀಲ ಇಳಿಸಿ ಗೋಡೆಗೆ ಒರಗಿ ಕೂತರು. ನಾಳೆ ತೂಕ ಆಗಲಿ, ಮಾತು ಮಾತೇ ಅಂದರು.

ಮಾರನೇ ದಿನ ಡಾಕ್ಟರಮ್ಮನ ಹತ್ತಿರ ಐದು ಜನ ಹೋದೆವು, ಮಗುವೂ ಸೇರಿ. ಬಟ್ಟೆ ಬಿಚ್ಚಿ ತಕ್ಕಡಿ ಮೇಲೆ ಮಲಗಿಸಿದರು. ಮುಳ್ಳು ಅಲ್ಲಾಡುತ್ತಿದ್ದಷ್ಟು ಹೊತ್ತೂ ಮಲ್ಲಣ್ಣ ಅದನ್ನು ನೋಡಿದ, ನೀಲವ್ವ ನೋಡಿದರು, ನಾನೂ ನೋಡಿದೆ. ಶಿವಲೀಲಾ ಮಾತ್ರ ಮಗುವಿನ ಮುಖ ನೋಡುತ್ತಿದ್ದಳು. ನಾಲ್ಕು ಕೆಜಿ ಆರುನೂರು. ಮೂರು ವಾರಕ್ಕೆ ಏಳುನೂರು ಗ್ರಾಂ. ಡಾಕ್ಟರಮ್ಮ ಕಾರ್ಡಿನಲ್ಲಿ ಚುಕ್ಕೆ ಇಟ್ಟು, ಏನು ಮಾಡಿದಿರಿ ಅಂತ ಕೇಳಿದರು. ಶಿವಲೀಲಾ ಲಾಡಿಯ ಕತೆ ಹೇಳಿದಳು. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಹೊರಗೆ ಪೇಷೆಂಟುಗಳ ಸಾಲು ಇತ್ತು, ಆದರೂ ಇನ್ನೊಂದು ಸಲ ಹೇಳಿಸಿದರು.

ಹೊರಗೆ ಬಂದ ಮೇಲೆ ನೀಲವ್ವ ಮಗನಿಗೆ, ಊರಿಗೆ ಫೋನು ಹಚ್ಚು, ನಿಮ್ಮಪ್ಪಗ ಹುಷಾರಾಗೇದಂತ, ಅವರೇ ಇಲ್ಲಿಗೆ ಬರ್ಲಿ ಅನ್ನು ಅಂದರು. ಕೂಸು ಊರಿಗೆ ಹೋಗಲಿಲ್ಲ. ಊರೇ ಇಲ್ಲಿಗೆ ಬಂತು. ಜನವರಿಯಲ್ಲಿ ಶಿವಲೀಲಾ ಕೆಲಸಕ್ಕೆ ಹೋದಳು. ಫ್ಯಾಕ್ಟರಿ ಹತ್ತಿರದಲ್ಲೇ ಇದ್ದುದರಿಂದ ಮಧ್ಯಾಹ್ನ ಬಂದು ಹಾಲು ಕೊಟ್ಟು ಹೋಗುವಳು. ಹಗಲು ಲಾಡಿ ನೀಲವ್ವನ ಕಾಲಿಗೆ. ನೀರು ಅವಳೇ ಹಾಕುತ್ತಿದ್ದಳು, ಬೆಳಿಗ್ಗೆ ಆರಕ್ಕೆ, ತನ್ನ ಕಾಲ ಮೇಲೆ. ನನಗೆ ಒಂದು ಮನೆ ಕಮ್ಮಿಯಾಯಿತು. ಅದಕ್ಕೆ ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ನಾನು ಕಲಿಸಿದವರಲ್ಲಿ ನನಗಿಂತ ಚೆನ್ನಾಗಿ ಮಾಡಿದವಳು ಅವಳೇ ಅಂತ ಎಲ್ಲ ಮನೆಯಲ್ಲೂ ಹೇಳಿದೆ.

ಗೌರಿ ಅಂಬೆಗಾಲಿಟ್ಟ ಮೇಲೆ ಸ್ವಿಂಗ್ ವಾಪಸ್ ನನ್ನ ಕೈಗೆ ಬಂತು. ಸೀಟು ಒರೆಸಿ, ಬೆಲ್ಟು ಒಗೆದು ಕೊಟ್ಟಿದ್ದರು. ಲಾಡಿಯನ್ನು ಮಾತ್ರ ಬಿಚ್ಚಿರಲಿಲ್ಲ. ಬಿಚ್ಚಲಾ ಅಂತ ಕೇಳಿದೆ. ಇರ್ಲಿ ಬಿಡ್ರಿ ಅಂದಳು.

ಆಮೇಲೆ ಅದು ಬನಶಂಕರಿಗೆ ಹೋಯಿತು, ಸಿದ್ದಾಪುರಕ್ಕೆ ಹೋಯಿತು, ಮತ್ತೆ ಜೆ.ಪಿ. ನಗರಕ್ಕೆ ಬಂತು. ಈಗ ಅಂಗಡಿಯಲ್ಲಿ ಇನ್ನೂ ದೊಡ್ಡ ದೊಡ್ಡವು ಬಂದಿವೆ, ಯಾರೂ ನನ್ನನ್ನು ಕೇಳಿ ತರುವುದಿಲ್ಲ. ನಾನು ಮಣೆ ಬಿಟ್ಟೂ ವರ್ಷಗಳಾದವು, ಮಂಡಿ ಮಡಚುವುದಿಲ್ಲ. ಆದರೂ ಮಗು ನೋಡಲು ಯಾರ ಮನೆಗೆ ಹೋದರೂ ಎರಡು ಮಾತು ಕೇಳಿಯೇ ಕೂರುತ್ತೀನಿ. ತಾಯಿಗೆ, ‘ಊಟ ಆಯ್ತಾ?’ ಅಂತ ಒಂದು. ‘ಮಗು ನಿನ್ನ ಮುಖ ನೋಡ್ತಾ?’ ಅಂತ ಇನ್ನೊಂದು. ಊಟ ಆಗಿಲ್ಲ ಅಂದರೆ, ಮಗುವಿನ ಹೊಟ್ಟೆ ತುಂಬಿದ್ದರೆ ಯಂತ್ರಕ್ಕೆ ಹಾಕು, ಹೋಗಿ ಉಣ್ಣು ಅಂತೀನಿ. ಮುಖ ನೋಡಿಲ್ಲ ಅಂದರೆ ಯಂತ್ರ ನಿಲ್ಲಿಸು ಅಂತೀನಿ. ಮಕ್ಕಳ ವಿಷಯದಲ್ಲಿ ನನಗೆ ಗೊತ್ತಿರುವುದು ಇಷ್ಟೇ. ಇದರಲ್ಲಿ ಒಂದೂ ನನ್ನ ಮೂವತ್ತು ವರ್ಷದ ಕೈ ಕಲಿಸಿದ್ದಲ್ಲ. ನೂಲು ಹರಿದರೆ ಕಾಲು ನಿಲ್ಲಿಸುವ ಮನೆಯಿಂದ ಬಂದವಳೊಬ್ಬಳು ನನ್ನ ಎದುರಿಗೆ ಕೂತು ಕಾಲು ನಿಲ್ಲಿಸಿ ತೋರಿಸಿದ್ದು.